ಫ್ರಿಜ್ ತಂಪಾಗದಿದ್ದರೆ ಮೊದಲು ಅದರ ಬೆನ್ನು ನೋಡಿ

ಪೆದ್ದಹರಿವಾಣಂ: ಬೇಸಿಗೆಯಲ್ಲಿ ಆದೋನಿ ಸೀಮೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಅಂಥ ದಿನಗಳಲ್ಲಿ ಫ್ರಿಜ್ ಎಡೆಬಿಡದೆ ಓಡುತ್ತಿದ್ದರೂ ಹಾಲು ಒಡೆಯುತ್ತದೆ, ಮಧ್ಯಾಹ್ನದ ಸಾರು ರಾತ್ರಿಗೆ ಹಳಸುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ಇನ್ಸುಲಿನ್ ಸಹ ಅದೇ ಫ್ರಿಜ್‌ನಲ್ಲಿರುತ್ತದೆ. ಯಂತ್ರವೇ ಕೆಟ್ಟಿತೆಂದು ರಿಪೇರಿಯವರನ್ನು ಕರೆಯುವ ಮೊದಲು ಅದರ ಹಿಂಬದಿಗೆ ಗಾಳಿಯಾಡುತ್ತಿದೆಯೇ ಎಂದು ನೋಡುವುದು ಒಳಿತು.

ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುತ್ತದೆ. ಕೊಳವೆಗಳಲ್ಲಿ ಹರಿಯುವ ಶೀತಕ ದ್ರವವು ಒಳಭಾಗದಲ್ಲಿ ಆವಿಯಾಗುವಾಗ ಉಷ್ಣವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂಬದಿಯ ಜಾಲರಿಗೆ ಕಳುಹಿಸುತ್ತದೆ. ಅಲ್ಲಿ ಆವಿಯು ಮತ್ತೆ ದ್ರವವಾಗುತ್ತ ತನ್ನ ಉಷ್ಣವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಬಿಸಿಯಾದ ಗಾಳಿ ಮೇಲೇರಿ, ಕೆಳಗಿನಿಂದ ಹೊಸ ಗಾಳಿ ಬರಬೇಕು. ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುವ ಸಂವಹನ ಕ್ರಿಯೆ ಇದೇ. ಫ್ರಿಜ್ಜನ್ನು ಮೂಲೆಗೆ ಒತ್ತರಿಸಿ, ಮೇಲೆ ಚೀಲ, ಪಾತ್ರೆಗಳನ್ನು ಪೇರಿಸಿದರೆ ಈ ಹರಿವು ನಿಲ್ಲುತ್ತದೆ. ಉಷ್ಣಕ್ಕೆ ಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಹೆಚ್ಚು ಹೊತ್ತು ದುಡಿಯುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ, ಒಳಗೆ ತಂಪು ಮಾತ್ರ ಸಾಲದು.

ವಾಹನದಲ್ಲಿಯೇ ಅಡುಗೆ, ಮಲಗುವ ವ್ಯವಸ್ಥೆ ಮಾಡಿಕೊಂಡು ಪ್ರವಾಸ ಹೋಗುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ಅಂಥ ಅನೇಕ ವಾಹನಗಳ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಡುಗೆ ಅನಿಲದ ಸಣ್ಣ ಉರಿ ಅಥವಾ ವಿದ್ಯುತ್ ಶಾಖದಿಂದ ಅಮೋನಿಯಾ, ನೀರು ಮತ್ತು ಜಲಜನಕಗಳನ್ನು ಬಳಸಿ ಅದು ಕೆಲಸ ಮಾಡುತ್ತದೆ. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, 1922ರಲ್ಲಿ ರೂಪಿಸಿದ ವಿಧಾನವಿದು. ವಾಹನದ ಗೋಡೆಯಲ್ಲಿ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇರುತ್ತದೆ. ಕಡುಬೇಸಿಗೆಯಲ್ಲಿ ಗಾಳಿ ತಾನಾಗಿ ಏರುವುದಷ್ಟೇ ಸಾಲದಾದಾಗ, ವಾಹನದವರು ಕಂಪ್ಯೂಟರ್‌ನಲ್ಲಿರುವಂಥ 12 ವೋಲ್ಟ್‌ನ ಸಣ್ಣ ಫ್ಯಾನುಗಳನ್ನು ಮೇಲಿನ ಕಿಂಡಿಯ ಬಳಿ ಕೂರಿಸಿ ಬಿಸಿ ಗಾಳಿಯನ್ನು ಹೊರಗೆ ತಳ್ಳುತ್ತಾರೆ. ಕೆಳಗಿರುವ ಉರಿಗೆ ಗಾಳಿ ನೇರವಾಗಿ ಬಡಿಯದಂತೆ ಅವರು ಎಚ್ಚರ ವಹಿಸಬೇಕಾಗುತ್ತದೆ.

ಈ ಉಪಾಯವನ್ನು ಮನೆಯಲ್ಲಿಯೂ ಬಳಸಬಹುದು. ಆದರೆ ಫ್ಯಾನು ಕೊನೆಯ ಹೆಜ್ಜೆ. ಮೊದಲು ಪ್ಲಗ್ ತೆಗೆದು ಹಿಂಬದಿಯ ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಗೋಡೆಗೂ ಫ್ರಿಜ್ಜಿಗೂ ನಡುವೆ ಸುಮಾರು 10 ಸೆಂ.ಮೀ. ಜಾಗ ಬಿಡಿ, ಮೇಲ್ಭಾಗವನ್ನು ತೆರವು ಮಾಡಿ. ಒಲೆಯ ಪಕ್ಕದಿಂದಲೂ ಬಿಸಿಲು ಬೀಳುವ ಕಿಟಕಿಯಿಂದಲೂ ದೂರವಿಡಿ. ಬಹಳಷ್ಟು ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ.

ಸ್ಥಳವೇ ಇಕ್ಕಟ್ಟಾಗಿದ್ದರೆ 12 ವೋಲ್ಟ್‌ನ ಎರಡು ಫ್ಯಾನುಗಳನ್ನು ಜಾಲರಿಯ ಕೆಳಗಿನಿಂದ ಮೇಲ್ಮುಖವಾಗಿ ಗಾಳಿ ಬೀಸುವಂತೆ ನಿಲ್ಲಿಸಬಹುದು. ಬಿಸಿ ಗಾಳಿ ಸಹಜವಾಗಿ ಏರುವ ದಿಕ್ಕಿನಲ್ಲಿಯೇ ಫ್ಯಾನು ತಳ್ಳಬೇಕು. ಎದುರಾಗಿ ಬೀಸಿದರೆ ಲಾಭ ಕಡಿಮೆ. ಮೇಲೆ ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಅದೇ ಬಿಸಿ ಗಾಳಿ ಅಲ್ಲಲ್ಲೇ ಸುತ್ತುತ್ತದೆ.

ಖರ್ಚಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಫ್ಯಾನಿನ ಮೇಲೆ 0.2 ಆಂಪಿಯರ್ ಎಂದಿದ್ದರೆ, 12 × 0.2 = 2.4 ವ್ಯಾಟ್. ಎರಡಕ್ಕೆ 4.8 ವ್ಯಾಟ್. ದಿನಕ್ಕೆ 10 ಗಂಟೆ ಓಡಿದರೆ 48 ವ್ಯಾಟ್-ಗಂಟೆ. ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ; ಹಾಗಾದರೆ ಒಂದು ಯೂನಿಟ್ ಸುಮಾರು 20 ದಿನ ಬರುತ್ತದೆ. ಎರಡು ಫ್ಯಾನಿಗೆ ಬೇಕಾದುದು 0.4 ಆಂಪಿಯರ್ ಆದ್ದರಿಂದ 12 ವೋಲ್ಟ್, 1 ಆಂಪಿಯರ್‌ನ ಅಡಾಪ್ಟರ್ ಸಾಕು.

ಕೆಲವು ಎಚ್ಚರಿಕೆಗಳು ಅಗತ್ಯ. ಫ್ರಿಜ್ಜಿಗೆ ಎಲ್ಲಿಯೂ ರಂಧ್ರ ಕೊರೆಯಬಾರದು, ಸ್ಕ್ರೂ ಹಾಕಬಾರದು. ಈಗಿನ ಅನೇಕ ಫ್ರಿಜ್‌ಗಳಲ್ಲಿರುವ ಐಸೋಬ್ಯೂಟೇನ್ ಶೀತಕವು ಹೊತ್ತಿಕೊಳ್ಳುವ ಅನಿಲ. ಫ್ಯಾನುಗಳನ್ನು ಪ್ರತ್ಯೇಕ ಚೌಕಟ್ಟಿನ ಮೇಲೆ ನಿಲ್ಲಿಸಿ; ವೈರು ಬಿಸಿ ಕಂಪ್ರೆಸರ್‌ಗೆ ತಾಗದಿರಲಿ. ಲೆಕ್ಕ ಮಕ್ಕಳದ್ದಾಗಲಿ, ವೈರಿನ ಕೆಲಸ ದೊಡ್ಡವರದ್ದಾಗಲಿ. ಹಿಂಬದಿಯಲ್ಲಿ ಜಾಲರಿಯೇ ಕಾಣದೆ ಪಕ್ಕದ ಗೋಡೆಗಳು ಬಿಸಿಯಾಗುತ್ತಿದ್ದರೆ, ಕೊಳವೆಗಳು ಅವುಗಳೊಳಗಿವೆ ಎಂದರ್ಥ. ಅಂಥದಕ್ಕೆ ಹಿಂದೆ ಫ್ಯಾನು ಇಟ್ಟು ಹೆಚ್ಚು ಪ್ರಯೋಜನವಿಲ್ಲ. ಎರಡೂ ಪಕ್ಕ ಜಾಗ ಬಿಡಬೇಕು.

ಫಲಿತಾಂಶವನ್ನು ಅಳೆದು ನೋಡಿ. ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಇಟ್ಟು, ಬದಲಾವಣೆಗೆ ಮೊದಲೊಮ್ಮೆ, ಒಂದು ದಿನದ ಬಳಿಕ ಇನ್ನೊಮ್ಮೆ ಓದಿಕೊಳ್ಳಿ. ಆಹಾರಕ್ಕೆ 4 ಡಿಗ್ರಿ ಸುಮಾರು ಇರಬೇಕು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಅದನ್ನು ಫ್ರೀಜರ್‌ಗೆ ತಾಗಿಸಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಕೆಗೆ ಯೋಗ್ಯವಲ್ಲ. ಇಷ್ಟೆಲ್ಲ ಮಾಡಿದರೂ 8 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ದೋಷ ಯಂತ್ರದೊಳಗಿದೆ. ಆಗ ಔಷಧವನ್ನು ಬೇರೆ ತಂಪಾದ ಕಡೆಗೆ ಸಾಗಿಸಿ, ರಿಪೇರಿಯವರನ್ನು ಕರೆಯಿರಿ.