ಮಕ್ಕಳಿಗೆ ಕಾಯಕದ ಮೊದಲ ಪಾಠ ಮನೆಯಲ್ಲಿಯೇ ಆಗಲಿ

ಬಸವ ಜಯಂತಿ ಬಂದರೆ ನಮ್ಮ ಮಕ್ಕಳು ವೇದಿಕೆಯ ಮೇಲೆ ನಿಂತು ವಚನಗಳನ್ನು ಸ್ಪಷ್ಟವಾಗಿ, ಸುಂದರವಾಗಿ ಹೇಳುತ್ತಾರೆ. ಅದನ್ನು ಕೇಳಿ ತಂದೆ-ತಾಯಿಗಳ ಮನಸ್ಸು ತುಂಬುತ್ತದೆ. ಆದರೆ ಅದೇ ಮಗು ಮನೆಗೆ ಬಂದು ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಎದ್ದರೆ, 'ಇರಲಿ ಬಿಡು, ಓದಿಕೊಳ್ಳಲಿ' ಎಂದು ತಾಯಿಯೇ ಅದನ್ನು ಎತ್ತಿಡುತ್ತಾಳೆ. ಕಾಯಕದಲ್ಲಿ ಕೈಲಾಸವನ್ನು ಕಂಡ ಶರಣರ ಮಾತು ಮಗುವಿನ ನಾಲಿಗೆಯ ಮೇಲೆ ಉಳಿಯಿತು, ಕೈಗೆ ಇಳಿಯಲಿಲ್ಲ.

ಇದರ ಹಿಂದೆ ಇರುವುದು ಪ್ರೀತಿಯೇ ಎಂಬುದರಲ್ಲಿ ಸಂದೇಹವಿಲ್ಲ. ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ದುಡಿದು ದಣಿದ ತಂದೆ-ತಾಯಿಗಳು ತಾವು ಪಟ್ಟ ಕಷ್ಟವನ್ನು ಮಕ್ಕಳು ಪಡಬಾರದೆಂದು ಬಯಸುವುದು ಸಹಜ. ಆದರೆ ಕಷ್ಟ ಬೇರೆ, ಕೆಲಸ ಬೇರೆ. ಕಷ್ಟದಿಂದ ಮಕ್ಕಳನ್ನು ಕಾಪಾಡಬೇಕು. ಕೆಲಸದಿಂದ ದೂರವಿಟ್ಟರೆ ಮಾತ್ರ ಎರಡು ಹಾನಿಗಳಾಗುತ್ತವೆ. ತನ್ನ ಬದುಕನ್ನು ತಾನು ನಡೆಸಿಕೊಳ್ಳುವ ಶಕ್ತಿ ಮಗುವಿಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಕೆಲಸ ಮಾಡುವವರು ತನಗಿಂತ ಕೆಳಗಿನವರು ಎಂಬ ಭಾವ ಅದರಲ್ಲಿ ತಿಳಿಯದಂತೆ ಬೇರೂರುತ್ತದೆ. ತನ್ನ ಕೊಳೆಯನ್ನು ಬೇರೊಬ್ಬರು ತೊಳೆಯುವುದನ್ನು ಹುಟ್ಟಿನಿಂದ ನೋಡಿ ಬೆಳೆದವನಿಗೆ ಸಮಾನತೆಯ ಉಪನ್ಯಾಸದಿಂದ ಏನಾದೀತು? ಓದಿ ದೊಡ್ಡವರಾದ ಮೇಲೆ ಹೊಲದಲ್ಲಿ ದುಡಿಯುವ ತಂದೆಯನ್ನು ಗೆಳೆಯರಿಗೆ ತೋರಿಸಲು ನಾಚುವ ಮಕ್ಕಳು ಇಂಥ ಪ್ರೀತಿಯ ಮನೆಗಳಿಂದಲೇ ಬರುತ್ತಾರೆ.

ಶರಣರು ಕೈಗೊಂಡ ಕಾಯಕಗಳನ್ನು ಒಮ್ಮೆ ನೆನೆಯೋಣ. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದರು. ಕೊಟ್ಟಣದ ಸೋಮಮ್ಮನವರು ಭತ್ತ ಕುಟ್ಟಿದರು. ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಸತ್ಯಕ್ಕನವರು ಅಂಗಳ ಗುಡಿಸಿದರು. ಒಗೆಯುವುದು, ಕುಟ್ಟುವುದು, ಗುಡಿಸುವುದು ಇವೆಲ್ಲ ಪ್ರತಿ ಮನೆಯಲ್ಲಿಯೂ ನಿತ್ಯ ನಡೆಯುವ ಕೆಲಸಗಳೇ. ಇಂಥ ಕೆಲಸ ಮಾಡುವವರು ಅನುಭವ ಮಂಟಪದಲ್ಲಿ ಮಂತ್ರಿಯಾಗಿದ್ದ ಬಸವಣ್ಣನವರೊಡನೆ ಸರಿಸಮನಾಗಿ ಕುಳಿತರು. ಆದ್ದರಿಂದ ಮಗುವಿಗೆ ಕಾಯಕವನ್ನು ಕಲಿಸಲು ಹೊರಗೆ ಹುಡುಕುವ ಅಗತ್ಯವಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಬಚ್ಚಲಿನಲ್ಲಿ ಇದೆ.

ವಯಸ್ಸಿಗೆ ತಕ್ಕ ಕೆಲಸ ಕೊಡುವುದು ಮೊದಲ ವಿವೇಕ. ಮೂರು ನಾಲ್ಕು ವರ್ಷದ ಮಗು ತನ್ನ ಆಟಿಕೆಗಳನ್ನು ಎತ್ತಿಡಬಲ್ಲದು, ಚಪ್ಪಲಿಗಳನ್ನು ಸಾಲಾಗಿ ಇಡಬಲ್ಲದು. ಆರೇಳು ವರ್ಷವಾದಾಗ ತಟ್ಟೆ ಲೋಟ ತೊಳೆಯುವುದು, ಗಿಡಗಳಿಗೆ ನೀರು ಹಾಕುವುದು, ಪೂಜೆಗೆ ಹೂವು ಪತ್ರೆ ತರುವುದು ಸಾಧ್ಯ. ಹತ್ತು ವರ್ಷ ದಾಟಿದ ಮೇಲೆ ತನ್ನ ಹಾಸಿಗೆ ಮಡಿಸಿ, ಸಮವಸ್ತ್ರ ಒಗೆದುಕೊಂಡು, ಹಿರಿಯರು ಜೊತೆಗಿದ್ದರೆ ಅನ್ನಕ್ಕಿಡಲೂ ಕಲಿಯಬಹುದು. ಹೈಸ್ಕೂಲಿಗೆ ಬಂದವರು ಸಂತೆಗೆ ಹೋಗಿ ತರಕಾರಿ ಆರಿಸಿ ತರಲಿ, ಅಜ್ಜ-ಅಜ್ಜಿಯರ ಔಷಧಿಯ ಹೊತ್ತನ್ನು ನೋಡಿಕೊಳ್ಳಲಿ.

ಕೊಡುವ ರೀತಿಯೂ ಮುಖ್ಯ. ಆಗಾಗ ಕೂಗಿ ಹೇಳುವ ಚಿಲ್ಲರೆ ಕೆಲಸಕ್ಕಿಂತ 'ಇದು ನಿನ್ನ ಕೆಲಸ' ಎಂದು ಒಪ್ಪಿಸಿದ ಒಂದೇ ಕೆಲಸ ಹೆಚ್ಚು ಕಲಿಸುತ್ತದೆ. ತಪ್ಪು ಮಾಡಿದಾಗ ಶಿಕ್ಷೆಯಾಗಿ ಕಸ ಗುಡಿಸಿಸಬೇಡಿ. ಹಾಗೆ ಮಾಡಿದರೆ ಗುಡಿಸುವುದು ಅವಮಾನವೆಂದು ನಾವೇ ಕಲಿಸಿದಂತಾಗುತ್ತದೆ. ಮನೆಗೆಲಸಕ್ಕೆ ಹಣದ ಆಸೆಯನ್ನೂ ತೋರಿಸಬೇಡಿ. ಮಗು ಗುಡಿಸಿದ ಮೇಲೆ ಮೂಲೆಯಲ್ಲಿ ಕಸ ಉಳಿದಿದ್ದರೆ ಅದರೆದುರೇ ಪೊರಕೆ ಹಿಡಿದು ಮತ್ತೆ ಗುಡಿಸಬೇಡಿ. ಎರಡು ದಿನ ತಾಳ್ಮೆಯಿಂದ ತೋರಿಸಿಕೊಟ್ಟರೆ ಮೂರನೆಯ ದಿನ ಅದೇ ಕಲಿಯುತ್ತದೆ. ಪರೀಕ್ಷೆ ಬಂದಾಗ ಹೊರೆ ಕಡಿಮೆ ಮಾಡಬಹುದು. ಆದರೆ ಎಸ್ಸೆಸ್ಸೆಲ್ಸಿ ಓದುವ ಮಗು ತನ್ನ ಲೋಟವನ್ನು ತೊಳೆದರೆ ಅಂಕಗಳೇನೂ ಕಡಿಮೆಯಾಗುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಕೆಲಸ ಮಗುವಿನ ಓದು, ಆಟ, ನಿದ್ರೆಗಳನ್ನು ಕಸಿಯಬಾರದು. 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ದುಡಿಮೆಗೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದೆ. ಶಾಲೆಯ ಅವಧಿ ಮುಗಿದ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಕೆಲಸಗಳಲ್ಲಿ ಕುಟುಂಬಕ್ಕೆ ನೆರವಾಗಲು ಅವಕಾಶವಿದೆ. ಎರಡನೆಯದು, ಮಗಳಿಗೆ ಪಾತ್ರೆ, ಮಗನಿಗೆ ಮೊಬೈಲ್ ಎಂಬ ಹಂಚಿಕೆ ಸಲ್ಲದು. ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೆ ಬೇಡವೆಂದು ಬಾಲಕ ಬಸವಣ್ಣ ನಿರಾಕರಿಸಿದ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅದನ್ನು ಹೇಳುವ ಮನೆಯಲ್ಲಿ ಮಗನೂ ರೊಟ್ಟಿ ಬಡಿಯಲು ಕಲಿಯಬೇಕು, ಮಗಳೂ ಬ್ಯಾಂಕಿನ ವ್ಯವಹಾರ ತಿಳಿಯಬೇಕು. ಮಗ ಕಲಿಯಬೇಕಾದರೆ ತಂದೆ ಮೊದಲು ಅಡುಗೆಮನೆಗೆ ಕಾಲಿಡಬೇಕು.

ಕಾಯಕದ ಜೊತೆಗೇ ಕಲಿಯಬೇಕಾದದ್ದು 'ಸಾಕು' ಎನ್ನುವ ಮಾತು. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಗೇ ಮರಳಿಸುವಂತೆ ಹೇಳಿದರು. ಈ ಕಥೆಯನ್ನು ಮಕ್ಕಳಿಗೆ ಹೇಳುವುದರೊಂದಿಗೆ ಮನೆಯ ಲೆಕ್ಕವನ್ನೂ ಅವರಿಗೆ ತೋರಿಸಬೇಕು. ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಕುಳಿತು ಬಂದದ್ದೆಷ್ಟು, ದಿನಸಿಗೆ, ಶಾಲೆಗೆ, ಔಷಧಿಗೆ, ಸಾಲದ ಕಂತಿಗೆ ಹೋದದ್ದೆಷ್ಟು ಎಂದು ಬೆಳೆದ ಮಕ್ಕಳ ಎದುರು ಮಾತನಾಡಲಿ. ಹಣ ಎಲ್ಲಿಂದ ಬರುತ್ತದೆಂದು ತಿಳಿದ ಮಗು ಹೊಸ ಫೋನಿಗಾಗಿ ಹಟ ಹಿಡಿಯುವ ಮುನ್ನ ಒಮ್ಮೆ ಯೋಚಿಸುತ್ತದೆ. ಸಾಲ ಮಾಡಿ ಮಕ್ಕಳ ಹುಟ್ಟುಹಬ್ಬವನ್ನು ಮೆರೆಸುವ ಮನೆಯಲ್ಲಿ ಆ ಯೋಚನೆ ಹುಟ್ಟುವುದಿಲ್ಲ.

ದುಡಿದದ್ದರಲ್ಲಿ ಹಂಚುವುದೇ ದಾಸೋಹ. ತುಮಕೂರಿನ ಶ್ರೀ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ (1907–2019) ಆಶ್ರಯದಲ್ಲಿ ಜಾತಿ-ಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದರು. ಸಾಮೂಹಿಕ ಪ್ರಾರ್ಥನೆ, ಓದು, ಸೇವೆ ಅಲ್ಲಿ ಒಂದೇ ದಿನಚರಿಯ ಭಾಗಗಳು. ಆ ದಿನಚರಿಯ ಸಣ್ಣ ರೂಪವೊಂದನ್ನು ಪ್ರತಿ ಮನೆಯೂ ರೂಢಿಸಿಕೊಳ್ಳಬಹುದು. ಸಂಜೆ ಅರ್ಧ ಗಂಟೆ ಟಿವಿ, ಮೊಬೈಲುಗಳನ್ನು ಬದಿಗಿಟ್ಟು ವಿಭೂತಿ ಧರಿಸಿ ಎಲ್ಲರೂ ಒಟ್ಟಿಗೆ ಲಿಂಗಪೂಜೆಗೆ ಕುಳಿತು, ಒಂದು ವಚನ ಓದಿ, ಅದರ ಅರ್ಥವನ್ನು ಮಕ್ಕಳಿಂದಲೇ ಕೇಳಬೇಕು. ಬಳಿಕ ಕೂಡಿ ಉಣ್ಣಬೇಕು. ಮನೆಗೆ ಬಂದ ಅತಿಥಿಗೆ ಮಗುವಿನ ಕೈಯಿಂದಲೇ ನೀರು ಕೊಡಿಸಬೇಕು. ಮನೆಗೆಲಸಕ್ಕೆ ಬರುವ ತಾಯಿಯನ್ನು ಮಗು ಅಮ್ಮ, ಅಕ್ಕ ಎಂದು ಕರೆಯಬೇಕು. ಆಕೆಗೆ ಬೇರೆ ಲೋಟದಲ್ಲಿ ಚಹಾ ಕೊಡುವ ಮನೆಯಲ್ಲಿ ಮಗು ಎಷ್ಟು ವಚನ ಕಂಠಪಾಠ ಮಾಡಿದರೂ ಬಸವತತ್ತ್ವ ಅದಕ್ಕೆ ದಕ್ಕುವುದಿಲ್ಲ.

ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಮಾಡಿದ್ದನ್ನು ಬೇಗ ಕಲಿಯುತ್ತಾರೆ. ಈ ಎಲ್ಲವನ್ನೂ ಒಂದೇ ದಿನ ಜಾರಿಗೆ ತರಲು ಹೋದರೆ ಮನೆಯಲ್ಲಿ ಜಗಳವೇ ಆದೀತು. ಒಂದು ಕೆಲಸದಿಂದ ತೊಡಗಿದರೆ ಸಾಕು. ಇಂದು ರಾತ್ರಿ ಊಟವಾದ ಮೇಲೆ ಮನೆಯ ಯಜಮಾನರು ತಮ್ಮ ತಟ್ಟೆಯನ್ನು ತಾವೇ ತೊಳೆದಿಡಲಿ. ಹಿಂದೆಯೇ ಮಕ್ಕಳೂ ತಮ್ಮ ತಟ್ಟೆ ಹಿಡಿದು ಬರುವ ದಿನ ದೂರವಿಲ್ಲ.