ತಾಳ್ಯದ ಮನೆಗೆ ಯಾವ ಆಂಟಿವೈರಸ್?

ಹೊಳಲ್ಕೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ತಾಳ್ಯವೂ ಒಂದು. ಅಡಿಕೆ, ತೆಂಗು, ರಾಗಿ, ಮೆಕ್ಕೆಜೋಳದ ಈ ಸೀಮೆಯಲ್ಲಿ ಮನೆಗೆ ಲ್ಯಾಪ್‌ಟಾಪ್ ಬರುವುದು ಸಾಮಾನ್ಯವಾಗಿ ಮಗನೋ ಮಗಳೋ ಪಿಯುಸಿ ಮುಗಿಸಿ ಮುಂದಿನ ಓದಿಗೆ ಹೊರಟಾಗ. ಕೆಲವರಿಗೆ ಸರ್ಕಾರದ ಯೋಜನೆಯಲ್ಲಿ ಸಿಕ್ಕಿರುತ್ತದೆ, ಕೆಲವರು ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಸೆಕೆಂಡ್‌ಹ್ಯಾಂಡ್ ಕೊಂಡಿರುತ್ತಾರೆ. ವರ್ಷ ತುಂಬುವಷ್ಟರಲ್ಲಿ ಮನೆಯ ಕಾಗದಪತ್ರವೆಲ್ಲ ಅದರೊಳಗೆ ಸೇರಿರುತ್ತದೆ: ಪಹಣಿಯ ಪಿಡಿಎಫ್, ಜಾತಿ-ಆದಾಯ ಪ್ರಮಾಣಪತ್ರ, ಎಲ್ಲರ ಆಧಾರ್, ಅಂಕಪಟ್ಟಿ, ಸಿಇಟಿ ಅರ್ಜಿ, ಅಕ್ಕನ ಮದುವೆಯ ಫೋಟೊ. ‘ಯಾವ ಆಂಟಿವೈರಸ್ ಹಾಕ್ಸಲಿ?’ ಎಂಬ ಪ್ರಶ್ನೆ ಹುಟ್ಟುವುದು ಆಗ.

ಅದಕ್ಕೆ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ತಿಳಿಯಬೇಕಾದದ್ದು ಒಂದಿದೆ: ಆ ಯಂತ್ರದೊಳಗಿನ ವಿಂಡೋಸ್ ಎಲ್ಲಿಂದ ಬಂತು?

ಕಂಪ್ಯೂಟರ್ ನಿಧಾನವಾದರೆ ನಮ್ಮ ಕಡೆ ‘ವೈರಸ್ ಹೊಡೆದಿದೆ, ಫಾರ್ಮ್ಯಾಟ್ ಮಾಡಿಸಬೇಕು’ ಎನ್ನುತ್ತಾರೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ, ವಿಂಡೋಸ್, ಆಫೀಸ್, ಫೋಟೊಶಾಪ್ ಹಾಕಿ ಸಂಜೆಗೆ ಕೊಡುತ್ತಾರೆ. ಅಷ್ಟಕ್ಕೂ ಲೈಸೆನ್ಸಿನ ದುಡ್ಡು ಕೊಡಲು ಗಿರಾಕಿ ತಯಾರಿರುವುದಿಲ್ಲ. ಹಾಗಾಗಿ ಒಂದು ಆಕ್ಟಿವೇಟರ್, ಒಂದು ಕ್ರ್ಯಾಕ್ ಪೆನ್‌ಡ್ರೈವ್‌ನಿಂದ ಇಳಿಯುತ್ತದೆ. ಅದು ಓಡಬೇಕಾದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆಂಟಿವೈರಸ್ಸನ್ನು ಮೊದಲು ಆಫ್ ಮಾಡಬೇಕು. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಆನ್ ಮಾಡುವ ನೆನಪು ಎಲ್ಲರಿಗೂ ಇರುವುದಿಲ್ಲ. ಕೆಲವರು ಇಡೀ ಸಿ ಡ್ರೈವನ್ನೇ ತಪಾಸಣೆಯಿಂದ ಹೊರಗಿಟ್ಟು ಕೈತೊಳೆದುಕೊಳ್ಳುತ್ತಾರೆ. ಹೀಗೆ ಬಂದ ಯಂತ್ರದ ಮೇಲೆ ಎಷ್ಟು ದುಬಾರಿ ಆಂಟಿವೈರಸ್ ತಂದು ಹಾಕಿದರೂ ಕಳ್ಳ ಆಗಲೇ ಒಳಗೆ ಸೇರಿರಬಹುದು.

ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಸ್ಟಾಪ್ ಅಥವಾ ಡಿಜೆವಿಯು ಎಂಬ ಹೆಸರಿನ ರಾನ್ಸಮ್‌ವೇರ್. 2018ರಿಂದೀಚೆಗೆ ಹಬ್ಬಿದ ಇದು ದೊಡ್ಡ ಕಂಪನಿಗಳ ಗೋಜಿಗೆ ಹೋಗಲಿಲ್ಲ. ಬಿಟ್ಟಿ ಸಾಫ್ಟ್‌ವೇರ್, ಕ್ರ್ಯಾಕ್, ಆಕ್ಟಿವೇಟರ್‌ಗಳ ಒಳಗೆ ಅಡಗಿ ಮನೆಯ ಕಂಪ್ಯೂಟರುಗಳನ್ನೇ ಹಿಡಿಯಿತು, ಭಾರತದಲ್ಲೂ ಹಿಡಿಯಿತು. ಫೋಟೊ, ಪಿಡಿಎಫ್, ವರ್ಡ್ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು 980 ಡಾಲರ್ ಕೇಳುತ್ತಿತ್ತು. 72 ಗಂಟೆಯೊಳಗೆ ಕೊಟ್ಟರೆ 490 ಡಾಲರ್, ಎಂದರೆ ಈಗಿನ ಲೆಕ್ಕದಲ್ಲಿ ನಲವತ್ತು ಸಾವಿರ ರೂಪಾಯಿಗೂ ಮೇಲೆ. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಕಂಪನಿ ಇದರ 148 ರೂಪಗಳಿಗೆ ಉಚಿತ ಪರಿಹಾರ ಸಾಧನ ಬಿಡುಗಡೆ ಮಾಡಿತು. ಆದರೆ ಅದೇ ವರ್ಷದ ಆಗಸ್ಟ್ ನಂತರ ಬಂದ ರೂಪಗಳಿಗೆ ಸಿಕ್ಕಿಬಿದ್ದ ಕಡತಗಳಲ್ಲಿ ಬಹುಪಾಲು ಇವತ್ತಿಗೂ ತೆರೆಯುವುದಿಲ್ಲ. ಪಹಣಿಯನ್ನು ನಾಳೆ ನಾಡಕಚೇರಿಯಲ್ಲಿ ಮತ್ತೆ ತೆಗೆಸಬಹುದು. ತೀರಿಹೋದ ಅಜ್ಜಿಯ ಫೋಟೊ ಎಲ್ಲಿ ಸಿಗುತ್ತದೆ? ಆಂಟಿವೈರಸ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಿ ಎನ್ನುವುದು ಇದಕ್ಕೇ. ಫೋಟೊ, ದಾಖಲೆ ಅದಕ್ಕೆ ಕಾಪಿ ಮಾಡಿ, ವೈರು ಕಿತ್ತು ಬೀರುವಿನಲ್ಲಿಡಬೇಕು. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನೂ ರಾನ್ಸಮ್‌ವೇರ್ ಬಿಡುವುದಿಲ್ಲ.

ಈ ರೋಗಕ್ಕೂ ಮದ್ದಿಗೂ ನಮ್ಮ ಉಪಖಂಡದ ನಂಟು ಹಳೆಯದು. ಐಬಿಎಂ ಪಿಸಿಗಳಿಗೆ ತಗುಲಿದ ಮೊದಲ ವೈರಸ್ ಎಂದು ಹೆಸರಾದ ‘ಬ್ರೇನ್’ ಅನ್ನು 1986ರಲ್ಲಿ ಬರೆದವರು ಲಾಹೋರಿನ ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ. ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಿದ್ದ ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಬರೆದಿದ್ದರು. ಮದ್ದು ಅರೆದ ಇನ್ನೊಂದು ಅಣ್ಣತಮ್ಮಂದಿರ ಜೋಡಿ ಪುಣೆಯದು. ಹತ್ತನೇ ತರಗತಿಗೆ ಓದು ಬಿಟ್ಟು ಕ್ಯಾಲ್ಕುಲೇಟರ್ ರಿಪೇರಿ ಕಲಿತ ಕೈಲಾಶ್ ಕಾಟ್ಕರ್ ಕಂಪ್ಯೂಟರ್ ರಿಪೇರಿಗೆ ಇಳಿದರು. ದುರಸ್ತಿಗೆ ಬಂದ ಯಂತ್ರಗಳಲ್ಲೆಲ್ಲ ವೈರಸ್ ಇರುವುದನ್ನು ಕಂಡರು. ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅದನ್ನು ತೊಳೆಯುವ ಪ್ರೋಗ್ರಾಂ ಬರೆದರು. 1990ರ ದಶಕದ ನಡುವಿನಲ್ಲಿ ಅದೇ ಕ್ವಿಕ್‌ಹೀಲ್ ಆಯಿತು. ನಮ್ಮ ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಆ ಡಬ್ಬಿ ಇಷ್ಟು ಪರಿಚಿತವಾಗಿರುವುದಕ್ಕೆ ಕಾರಣ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ: ಅದನ್ನು ಮಾಡಿದವರು ರಿಪೇರಿ ಅಂಗಡಿಯ ಕಷ್ಟ ಬಲ್ಲವರು. ಚೆನ್ನೈನ ಕೆ7 ಇದಕ್ಕಿಂತಲೂ ಕೊಂಚ ಹಳೆಯದು, 1991ರದ್ದು.

ಈಗ ಉತ್ತರಕ್ಕೆ ಬರೋಣ. ಅಸಲಿ ವಿಂಡೋಸ್ 11 ಇರುವ, ದಿನವೂ ಇಂಟರ್‌ನೆಟ್ ಕಾಣುವ ಮನೆಯ ಲ್ಯಾಪ್‌ಟಾಪಿಗೆ ಒಳಗೇ ಇರುವ ಡಿಫೆಂಡರ್ ಸಾಕು. ಹತ್ತು-ಹದಿನೈದು ವರ್ಷದ ಹಿಂದೆ ಹೀಗೆ ಹೇಳಲು ಧೈರ್ಯ ಬರುತ್ತಿರಲಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳ ಫಲಿತಾಂಶಗಳಲ್ಲಿ ಡಿಫೆಂಡರ್ ಈಗ ದುಡ್ಡಿನ ಉತ್ಪನ್ನಗಳ ಪಕ್ಕದಲ್ಲೇ ನಿಲ್ಲುತ್ತದೆ. ಆ ಫಲಿತಾಂಶಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅಂಗಡಿಯ ಮಾತಿಗಿಂತ, ಜಾಹೀರಾತಿಗಿಂತ ಅದು ಮೇಲು.

ಆದರೆ ತಾಳ್ಯದಂಥ ಊರಿಗೆ ಒಂದು ತಿದ್ದುಪಡಿ ಬೇಕು. ಡಿಫೆಂಡರಿನ ಬಲ ಬಹುಪಾಲು ಇಂಟರ್‌ನೆಟ್ಟಿನ ಆಚೆ ಇದೆ. ಅನುಮಾನ ಬಂದ ಕಡತದ ಬಗ್ಗೆ ಅದು ಮೈಕ್ರೋಸಾಫ್ಟಿನ ಸರ್ವರನ್ನು ಕೇಳುತ್ತದೆ. ನೆಟ್ ಇಲ್ಲದಾಗ ಅದರ ಪತ್ತೆಯ ಶಕ್ತಿ ಇಳಿಯುವುದನ್ನು ಎವಿ-ಕಂಪ್ಯಾರೆಟಿವ್ಸ್ ಪರೀಕ್ಷೆಗಳು ತೋರಿಸಿವೆ. ಹೋಬಳಿಯ ಮನೆಯಲ್ಲಿ ನೆಟ್ ಎಂದರೆ ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್. ದಿನದ ಡೇಟಾ ಖಾಲಿಯಾಗುತ್ತದೆಂದು ಅಪ್ಡೇಟ್ ನಿಲ್ಲಿಸಿಟ್ಟಿರುತ್ತಾರೆ. ಕಡತಗಳೆಲ್ಲ ಜೆರಾಕ್ಸ್ ಅಂಗಡಿಯಿಂದ, ಕಾಲೇಜಿನಿಂದ, ಸ್ಟುಡಿಯೋದಿಂದ ಪೆನ್‌ಡ್ರೈವ್‌ನಲ್ಲಿ ಬರುತ್ತವೆ. ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಉಳಿಯುವ ಆಟ ಇಲ್ಲಿ ಯಾವ ಡಿಗ್ರಿ ವಿದ್ಯಾರ್ಥಿಗೂ ಹೊಸದಲ್ಲ. ಇಂಥ ಯಂತ್ರಕ್ಕೆ ಆಫ್‌ಲೈನ್ ಪತ್ತೆಯಲ್ಲಿ ಗಟ್ಟಿ ಅಂಕ ಪಡೆದ ಒಂದು ಉತ್ಪನ್ನಕ್ಕೆ ದುಡ್ಡು ಕೊಟ್ಟರೆ ದಂಡವಲ್ಲ. ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ಬೆಲೆಯ ಜೊತೆ ಎರಡನೇ ವರ್ಷದ ನವೀಕರಣದ ಬೆಲೆಯನ್ನೂ ಕೇಳಿ, ವ್ಯತ್ಯಾಸ ದೊಡ್ಡದಿರುತ್ತದೆ. 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರಕ್ಕೆ ಪಾಸ್‌ವರ್ಡ್ ಮ್ಯಾನೇಜರ್, ವಿಪಿಎನ್, ಕ್ಲೀನರ್ ಎಲ್ಲ ಸೇರಿಸಿದ ದೊಡ್ಡ ಕಟ್ಟನ್ನು ಹೊರಿಸಬೇಡಿ. ಎರಡೆರಡು ಆಂಟಿವೈರಸ್ ಅಂತೂ ಬೇಡವೇ ಬೇಡ. ಅವಧಿ ಮುಗಿದ ಟ್ರಯಲ್ ಇದ್ದರೆ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸ್ ಸೆಕ್ಯುರಿಟಿ ಪುಟದಲ್ಲಿ ಡಿಫೆಂಡರ್ ಆನ್ ಆಗಿದೆಯೇ ಎಂದು ಕಣ್ಣಾರೆ ನೋಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ತೊಳೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಯುಎಸ್‌ಬಿ ಪ್ರತಿರೋಧ್ ಎಂಬ ಪೆನ್‌ಡ್ರೈವ್ ನಿಯಂತ್ರಣವೂ ಅಲ್ಲಿದೆ. ಇವು ಹಳ್ಳಿಗಳಿಗೆ ಇನ್ನೂ ಹೆಚ್ಚು ಮುಟ್ಟಬೇಕಿತ್ತು.

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಬಳಸುವವರಿಗೆ ಇನ್ನೊಂದು ಮಾತು. ಕೀಲಿಮಣೆಯ ಒತ್ತುಗಳನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸುವುದು ಇಂಥ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಒತ್ತುಗಳನ್ನು ಹಾಗೇ ಹಿಡಿಯುತ್ತದೆ. ಆದ್ದರಿಂದ ಆಂಟಿವೈರಸ್ ಸುಮ್ಮನೆ ಅನುಮಾನಪಡುವ ಸಾಧ್ಯತೆ ಇದೆ. ಹಾಗೆಂದು ಆಂಟಿವೈರಸ್ಸನ್ನೇ ಆಫ್ ಮಾಡಬಾರದು. ನುಡಿಯನ್ನು ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಂಡು, ಅದೊಂದೇ ಪ್ರೋಗ್ರಾಮಿಗೆ ವಿನಾಯಿತಿ ಕೊಡಬೇಕು. ಯಾರದೋ ಪೆನ್‌ಡ್ರೈವಿನ ನುಡಿ ನಂಬಿಕೆಗೆ ಯೋಗ್ಯವಲ್ಲ.

ಆಂಟಿವೈರಸ್ ಯಂತ್ರದ ಎಲ್ಲವನ್ನೂ ಓದಬಲ್ಲದು. ಹಾಗಾಗಿ ಅದನ್ನು ಮಾಡಿದವರ ನಡತೆಯನ್ನೂ ನೋಡಲೇಬೇಕು. ಕೋಟ್ಯಂತರ ಜನ ಉಚಿತವೆಂದು ಹಾಕಿಕೊಂಡ ಅವಾಸ್ಟ್, ಬಳಕೆದಾರರು ಯಾವ ಪುಟ ನೋಡಿದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರುವರಿಯಲ್ಲಿ ಅದಕ್ಕೆ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಅದೇ ವರ್ಷದ ಏಪ್ರಿಲಿನಲ್ಲಿ, ಭಾರತದ ಇಸ್ಕ್ಯಾನ್ ಎಂಬ ಆಂಟಿವೈರಸ್ಸಿನ ಅಪ್ಡೇಟ್ ಗೂಢಲಿಪಿಯಿಲ್ಲದೆ ಬರುತ್ತಿದ್ದುದನ್ನು ಬಳಸಿಕೊಂಡು ದಾಳಿಕೋರರು ದಾರಿಯಲ್ಲೇ ಅದನ್ನು ಬದಲಿಸುತ್ತಿದ್ದರೆಂದು ಸಂಶೋಧಕರು ಬಯಲು ಮಾಡಿದರು. ಬಯಲು ಮಾಡಿದವರು ಅದೇ ಅವಾಸ್ಟ್‌ನವರು. ಒಂದು ಕಂಪನಿ ಪೂರ್ತಿ ಒಳ್ಳೆಯದು, ಇನ್ನೊಂದು ಪೂರ್ತಿ ಕೆಟ್ಟದ್ದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಬೆಂಗಳೂರಿನ ವಿಮಾನ ನಿಲ್ದಾಣದ ಪ್ರಯಾಣಿಕರಿಗೂ ಅದರ ಬಿಸಿ ತಟ್ಟಿತು.

ಹಾಗಿದ್ದೂ ಅಪ್ಡೇಟ್ ನಿಲ್ಲಿಸುವುದು ಇವೆಲ್ಲಕ್ಕಿಂತ ದೊಡ್ಡ ಅಪಾಯ. ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು 2017ರ ಮೇ 12ರಂದು. ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಮುಚ್ಚಿ ಅಪ್ಡೇಟ್ ಕೊಟ್ಟಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು, ಪಕ್ಕದ ಆಂಧ್ರದ ಪೊಲೀಸರ ಕಂಪ್ಯೂಟರುಗಳೂ ಸಿಕ್ಕಿಬಿದ್ದವು.

ಇದೇ ಕಾರಣಕ್ಕೆ ವಿಂಡೋಸ್ 10 ಇರುವ ಮನೆಗಳ ಬಗ್ಗೆ ನನಗೆ ಚಿಂತೆ. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರಿನವರೆಗೂ ಬರುತ್ತದೆ, ನಿಜ. ಆದರೆ ವಿಂಡೋಸ್‌ನಲ್ಲೇ ಹೊಸ ಕಿಂಡಿ ಕಂಡರೆ ಅದನ್ನು ಮುಚ್ಚುವ ಅಪ್ಡೇಟ್ ಬರಬೇಕಾದರೆ ಮೈಕ್ರೋಸಾಫ್ಟಿನ ವಿಸ್ತರಿತ ಯೋಜನೆಗೆ ಸೇರಿರಬೇಕು, ಅದೂ 2026ರ ಅಕ್ಟೋಬರಿನವರೆಗೆ ಮಾತ್ರ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಹಲವು ವಿಂಡೋಸ್ 11ರ ಟಿಪಿಎಂ 2.0 ಮತ್ತು ಪ್ರೊಸೆಸರ್ ನಿಯಮಗಳನ್ನು ದಾಟುವುದಿಲ್ಲ. ಅವನ್ನು ಗುಜರಿಗೆ ಹಾಕಬೇಕಿಲ್ಲ, ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಬಹುದು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಶಾಲಾ ಪಠ್ಯದ ಭಾಗವಾಗಿ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಲಿನಕ್ಸ್‌ನ ರೂಪಗಳಾದ ಉಬುಂಟು ಅಥವಾ ಮಿಂಟ್‌ನಲ್ಲಿ ಯುನಿಕೋಡ್ ಕನ್ನಡ ಸಲೀಸಾಗಿ ಬರುತ್ತದೆ, ಬ್ರೌಸರಿನಲ್ಲಿ ಅರ್ಜಿ ತುಂಬಬಹುದು, ಲಿಬ್ರೆಆಫೀಸ್‌ನಲ್ಲಿ ಪತ್ರ ಬರೆಯಬಹುದು, ಕ್ರ್ಯಾಕ್ ಹುಡುಕುವ ಪ್ರಮೇಯವೇ ಬರುವುದಿಲ್ಲ. ತೊಡಕಾಗುವುದು ಹಳೆಯ ನುಡಿ ಫಾಂಟಿನ ಕಡತಗಳು. ಅವನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ಡಿಟಿಪಿ ಕೆಲಸ ಇರುವವರು ಹಳೆಯ ವಿಂಡೋಸ್ ಯಂತ್ರವನ್ನು ನೆಟ್‌ಗೆ ಜೋಡಿಸದೆ ಅಚ್ಚಿನ ಕೆಲಸಕ್ಕಷ್ಟೇ ಇಟ್ಟುಕೊಳ್ಳಲಿ.

ಮನೆಯ ಬ್ಯಾಂಕು ಮಾತ್ರ ಈಗ ಮೊಬೈಲಿಗೆ ಹೋಗಿದೆ. ಪಿಎಂ ಕಿಸಾನ್ ಹೆಸರಿನಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತವನ್ನು ಲ್ಯಾಪ್‌ಟಾಪಿನ ಯಾವ ಆಂಟಿವೈರಸ್ಸೂ ನೋಡುವುದಿಲ್ಲ. ಅದನ್ನು ಒತ್ತಿ ದುಡ್ಡು ಹೋಯಿತೆಂದರೆ ನಾಚಿಕೊಂಡು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ದೂರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ.