ನೆಲೆ ಒಂದೆಡೆ, ಹುಡುಕಾಟ ಹಲವೆಡೆ: ಷಿಕಾಗೊದ ಎ.ಕೆ. ರಾಮಾನುಜನ್

ಪರದೇಶದಲ್ಲಿ ನೆಲೆನಿಂತ ಕನ್ನಡ ಲೇಖಕರ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶೆ 'ತಾಯ್ನಾಡಿನ ಹಂಬಲ' ಎಂಬ ಸಿದ್ಧ ಶೀರ್ಷಿಕೆಯೊಂದನ್ನು ಕೈಗೆತ್ತಿಕೊಳ್ಳುತ್ತದೆ. ಎ.ಕೆ. ರಾಮಾನುಜನ್ (1929–1993) ಅವರಿಗೆ ಈ ಶೀರ್ಷಿಕೆ ಅಷ್ಟಾಗಿ ಹೊಂದುವುದಿಲ್ಲ. ಮೂವತ್ತರ ವಯಸ್ಸಿನಲ್ಲಿ ಅಮೆರಿಕೆಗೆ ತೆರಳಿದ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ದಶಕಗಳ ಕಾಲ ಅಧ್ಯಾಪಕರಾಗಿದ್ದು, ಆ ನಗರದಲ್ಲಿಯೇ ತೀರಿಕೊಂಡರು. ಬಿಟ್ಟುಬಂದ ನಾಡನ್ನು ನೆನೆದು ಕೊರಗುವುದಕ್ಕಿಂತ, ಅಲ್ಲಿದ್ದಾಗ ತಮ್ಮ ಕಣ್ಣಿಗೆ ಬೀಳದೆ ಉಳಿದುದನ್ನು ಅರಸುವುದರಲ್ಲಿಯೇ ಅವರ ಆಯುಷ್ಯ ಹೆಚ್ಚಾಗಿ ಕಳೆಯಿತು.

ಮೈಸೂರಿನ ಅವರ ಮನೆಯಲ್ಲಿ ಭಾಷೆಗಳಿಗೆ ಬೇರೆ ಬೇರೆ ಜಾಗಗಳಿದ್ದವು. ಕೆಳಗೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಇಂಗ್ಲಿಷ್, ಹೊಸ್ತಿಲು ದಾಟಿದರೆ ಕನ್ನಡ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಅಡುಗೆಮನೆಗೊಂದು, ಪೇಟೆಗೊಂದು, ಕಚೇರಿಗೊಂದು ನುಡಿ ಇದ್ದೇ ಇದೆ. ಇದನ್ನು ಕೊರತೆಯೆಂದು ಎಣಿಸುವವರು ಹಲವರು. ರಾಮಾನುಜನ್ ಹಾಗೆ ಎಣಿಸಲಿಲ್ಲ.

ಅಮೆರಿಕೆಗೆ ಹೋಗುವ ಮೊದಲೇ ಪರಸ್ಥಳದ ಬದುಕು ಅವರಿಗೆ ರೂಢಿಯಾಗಿತ್ತು. ಐವತ್ತರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅವರು ಜನರ ಬಾಯಿಂದ ಕಥೆಗಳನ್ನೂ ಗಾದೆಗಳನ್ನೂ ಸಂಗ್ರಹಿಸತೊಡಗಿದರು. ಮೈಸೂರು ಕನ್ನಡದಲ್ಲಿ ಪಳಗಿದ ಕಿವಿಗೆ ಬೆಳಗಾವಿಯ ಮಾತೇ ಒಂದು ಹೊಸ ಸೀಮೆ. ಗಾದೆಗಳನ್ನು ಕುರಿತ ಅವರ ಕನ್ನಡ ಪುಸ್ತಕ 1955ರಲ್ಲಿ ಪ್ರಕಟವಾಯಿತು. ಮುಂದೆ ಬಡೋದೆ, ಆ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಅಭ್ಯಾಸ. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ 1963ರಲ್ಲಿ ಡಾಕ್ಟರೇಟ್ ಪಡೆದದ್ದು ಯಾವ ವಿಷಯಕ್ಕೆ? ಕನ್ನಡದ ಉತ್ಪಾದಕ ವ್ಯಾಕರಣಕ್ಕೆ. ಚಾಮ್‌ಸ್ಕಿಯವರ ಹೊಸ ಭಾಷಾವಿಜ್ಞಾನ ಆಗಷ್ಟೇ ತಲೆಯೆತ್ತುತ್ತಿದ್ದ ಕಾಲವದು. ಹೊರನಾಡಿನ ಹೊಸ ಉಪಕರಣದಿಂದ ಮನೆಯ ವಸ್ತುವನ್ನು ತಿರುಗಿಸಿ ನೋಡುವ ಕ್ರಮ ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತದೆ.

ಅವರ ಬದುಕಿನ ಅತಿ ಮುಖ್ಯ ಶೋಧ ನಡೆದದ್ದು ಒಂದು ನೆಲಮಾಳಿಗೆಯಲ್ಲಿ. 1962ರಲ್ಲಿ ಷಿಕಾಗೊದ ಹಾರ್ಪರ್ ಗ್ರಂಥಾಲಯದ ತಳಮನೆಗೆ ಅವರು ಇಳಿದುಹೋದದ್ದು ಹಳೆಯ ತಮಿಳಿನ ವ್ಯಾಕರಣವೊಂದನ್ನು ಅರಸಿ. ಏಕೆಂದರೆ ತಾಯಿಯ ನುಡಿಯ ಪ್ರಾಚೀನ ರೂಪವನ್ನು ಅವರು ಕಲಿತೇ ಇರಲಿಲ್ಲ. ಕೈಗೆ ಸಿಕ್ಕಿದ್ದು ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ್ದ 'ಕುರುಂತೊಗೈ'. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಪ್ರೇಮಗೀತಗಳ ಆ ಸಂಕಲನವನ್ನು ತಮಿಳು ಮಾತೃಭಾಷೆಯ ಕವಿಯೊಬ್ಬ ಮದುರೆಯಲ್ಲಿ ಪಾಠ ಹೇಳುತ್ತಿದ್ದಾಗ ಕಾಣದೆ, ಅಮೆರಿಕದಲ್ಲಿ ಕಂಡುಕೊಂಡದ್ದನ್ನು ವಿಪರ್ಯಾಸವೆಂದು ಕರೆದು ಮುಂದೆ ಸಾಗುವುದು ಸುಲಭ. ರಾಮಾನುಜನ್ ಹಾಗೆ ಸಾಗಲಿಲ್ಲ. ಪರಂಪರೆ ಹುಟ್ಟಿನಿಂದ ತಾನಾಗಿ ಕೈಸೇರುವುದಿಲ್ಲ, ಅದನ್ನು ದುಡಿದು ಮರಳಿ ಪಡೆಯಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು. ಹೀಗಾದರೆ ಊರಲ್ಲೇ ಉಳಿದವನಿಗೂ ಅದರ ಮೇಲೆ ತಾನಾಗಿ ಬರುವ ಹಕ್ಕು ಯಾವುದೂ ಇಲ್ಲ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವರಿಗೆ ಇದು ತುಸು ಅಸುಖದ ಮಾತು, ಆದರೆ ನಿಜ.

ಆ ಶೋಧದ ಫಲವಾಗಿ 1967ರಲ್ಲಿ 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್' ಬಂದಿತು. ಸಂಗಂ ಕಾವ್ಯ ಜಗತ್ತನ್ನು ಅಗಂ, ಪುರಂ ಎಂದು, ಅಂದರೆ ಒಳಗು, ಹೊರಗು ಎಂದು ವಿಭಾಗಿಸುತ್ತದೆ. ಒಳಗಿನ ಭಾವಗಳಿಗೆ ಬೆಟ್ಟ, ಕಾಡು, ಗದ್ದೆಬಯಲು, ಕಡಲತೀರ, ಬೆಂಗಾಡು ಎಂಬ ಐದು ಭೂಭಾಗಗಳಿವೆ. ಇವುಗಳಲ್ಲಿ ಬೆಂಗಾಡು, ಎಂದರೆ ಪಾಲೈ, ಅಗಲಿಕೆಯ ನೆಲ. ಸಂಪತ್ತನ್ನು ಅರಸಿ ದೂರ ಹೋಗುವ ನಲ್ಲನ ದಾರಿ ಅದು. ವಲಸೆಯ ಕಾವ್ಯಕ್ಕೆ ಇಷ್ಟು ಹಳೆಯ ಭೂಪಟವೊಂದು ದ್ರಾವಿಡ ಭಾಷೆಯಲ್ಲಿ ಇದ್ದೇ ಇತ್ತು.

1973ರ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳು ಇಂಗ್ಲಿಷಿಗೆ ಬಂದವು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಅಂಕಿತಗಳ ಅನುವಾದ. ಕೂಡಲಸಂಗಮದೇವನು ನದಿಗಳು ಕೂಡುವೆಡೆಯ ಒಡೆಯನಾದನು. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿನ ಒಡೆಯನಾದನು. ನಿತ್ಯದ ಬಳಕೆಯಲ್ಲಿ ಸವೆದುಹೋದ ಹೆಸರಿನೊಳಗಿನ ಚಿತ್ರ ಇದರಿಂದ ಮತ್ತೆ ಹೊಳೆಯುತ್ತದೆ. ಆದರೆ ಕೃಷ್ಣಾ ಮಲಪ್ರಭೆಗಳ ಸಂಗಮವೆಂಬ ನಿರ್ದಿಷ್ಟ ಸ್ಥಳ, ಶ್ರೀಶೈಲವೆಂಬ ಕ್ಷೇತ್ರ ಮಸುಕಾಗುತ್ತವೆ. ವಚನಗಳನ್ನು ಆಧುನಿಕ ಪಾಶ್ಚಾತ್ಯ ಕಾವ್ಯರುಚಿಗೆ ಒಗ್ಗಿಸಲಾಗಿದೆ ಎಂಬ ಆಕ್ಷೇಪವನ್ನು ತೇಜಸ್ವಿನಿ ನಿರಂಜನ ಅವರು 1992ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಮಂಡಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಹೊಸ ಓದುಗರಿಗೆ ದಾರಿ ಮಾಡಿಕೊಡಲು ತೆತ್ತ ಬೆಲೆಯಿದು. ಸೊನ್ನಲಿಗೆಯ ಸಿದ್ಧರಾಮನಿಗೆ ಆ ಪುಸ್ತಕದಲ್ಲಿ ಸ್ಥಾನವಿಲ್ಲ ಎಂಬುದನ್ನು ಸೊಲ್ಲಾಪುರದ ಓದುಗರು ಗುರುತು ಹಾಕಿಕೊಳ್ಳದೆ ಬಿಡುವುದಿಲ್ಲ!

ಅನುವಾದದ ಜೊತೆಜೊತೆಗೇ ಕನ್ನಡದ ಬರವಣಿಗೆ ನಡೆದಿತ್ತು. 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ ಧಾರವಾಡದಿಂದ ಪ್ರಕಟವಾಯಿತು. ಪದ್ಮನಾಭನ ಹೊಕ್ಕುಳಿನ ಕಮಲವನ್ನು ಬಲ್ಲವರಿಗೆ ಆ ಶೀರ್ಷಿಕೆಯ ಕೊಂಕು ತಿಳಿಯುತ್ತದೆ: ಇಲ್ಲಿರುವುದು ಬರಿಯ ಮನುಷ್ಯನ ಮೈ. 'ಮತ್ತು ಇತರ ಪದ್ಯಗಳು', 'ಕುಂಟೋಬಿಲ್ಲೆ' ಬಳಿಕ ಬಂದವು. 1976ರಲ್ಲಿ ಅವರು ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದರು. ಮಲೆನಾಡಿನ ಅಗ್ರಹಾರದ ಆ ಕಾದಂಬರಿ ಬರೆಯಲ್ಪಟ್ಟದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಅನುವಾದಗೊಂಡದ್ದು ಷಿಕಾಗೊದಲ್ಲಿ ನೆಲೆಸಿದ್ದವರಿಂದ. ದೂರವೂ ಒಂದು ಬಗೆಯ ಕಣ್ಣೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. 'ಇಂಡೋ-ಅಮೆರಿಕನ್' ಎಂಬ ಪದದ ನಡುವಿನ ಅಡ್ಡಗೆರೆಯೇ ತಾನು ಎಂದು ರಾಮಾನುಜನ್ ತಮ್ಮನ್ನು ವಿನೋದವಾಗಿ ಬಣ್ಣಿಸಿಕೊಂಡದ್ದುಂಟು. ಗಡಿಯ ಕನ್ನಡಿಗರು ಆ ಅಡ್ಡಗೆರೆಯ ಮೇಲೆಯೇ ಮನೆ ಕಟ್ಟಿಕೊಂಡವರು.

ಬೆಳಗಾವಿಯಲ್ಲಿ ತೊಡಗಿದ ಕಥಾಸಂಗ್ರಹವನ್ನು ಅವರು ಕೈಬಿಡಲಿಲ್ಲ. 1991ರ ಸಂಕಲನದಲ್ಲಿ ಭಾರತದ 22 ಭಾಷೆಗಳ ಕಥೆಗಳಿವೆ. ಕನ್ನಡದ 77 ಕಥೆಗಳ ಗ್ರಂಥ ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದಿತು. ಕಾರ್ನಾಡರ 'ನಾಗಮಂಡಲ'ದ ಮೂಲದಲ್ಲಿರುವುದು ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳೇ. ಹೂಬಿಡುವ ಮರವಾಗಬಲ್ಲ ಬಡ ಹುಡುಗಿಯ ಕಥೆ ಕಾರ್ನಾಡರ 'ಚೆಲುವಿ' ಚಲನಚಿತ್ರವಾಯಿತು. ರಾಮಾನುಜನ್ ಇಂಗ್ಲಿಷಿಗೆ ತಂದ ಅದೇ ಕಥೆಯಿಂದ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಒಂದು ಒಪೆರಾ ರಚಿಸಿದರು. ಅದು 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು. ವೃಂದಗಾನದ ಭಾಗಗಳು ಸ್ಪ್ಯಾನಿಷ್ ಭಾಷೆಯಲ್ಲಿದ್ದವು.